ಯಶಸ್ವಿನಿ ಕಟ್ಟುವ ದಿನ

ಬೆಳಗಿನ ಆರೂಕಾಲು. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಡೈರಿ ಜಗಲಿಯ ಮೇಲೆ ನಿಂತಿದ್ದೀರಿ. ರಾಗಿ ಕುಯ್ದು ಬರಿದಾದ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ತಲೆಗೆ ಟವೆಲ್ಲು ಸುತ್ತಿದ ಗಂಡಸರು, ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟ ಹೆಂಗಸರು ಕ್ಯಾನು ಹಿಡಿದು ಬರುತ್ತಿದ್ದಾರೆ. ಒಳಗೆ ಟೆಸ್ಟರ್ ಹುಡುಗ ಒಬ್ಬೊಬ್ಬರ ಹಾಲಿನಿಂದಲೂ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾನೆ. ಫ್ಯಾಟೆಷ್ಟು, ಡಿಗ್ರಿ ಎಷ್ಟು, ಲೀಟರೆಷ್ಟು ಎಂಬುದೆಲ್ಲ ಒಂದು ಸಣ್ಣ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಯ ಕಡೆ ಹೊರಡುವುದು ದಿನದ ರೂಢಿ.

ಇವತ್ತು ಯಾರೂ ಹೊರಡುತ್ತಿಲ್ಲ. ಖಾಲಿ ಕ್ಯಾನನ್ನು ಗೋಡೆ ಬದಿಗಿಟ್ಟು ಸೆಕ್ರೆಟ್ರಿಯ ಮೇಜಿನ ಮುಂದೆ ಇನ್ನೊಂದು ಸಾಲು ಕಟ್ಟುತ್ತಿದ್ದಾರೆ. ಸಹಕಾರ ಸಂಘದ ಸದಸ್ಯರ ಆರೋಗ್ಯ ವಿಮೆಯಾದ ಯಶಸ್ವಿನಿ ಕಟ್ಟಲು ಇವತ್ತೇ ಕೊನೆ ಎಂದು ನಿನ್ನೆ ಸಂಜೆ ಹಾಲು ಹಾಕುವಾಗ ಎಲ್ಲರಿಗೂ ಹೇಳಿ ಕಳಿಸಿದ್ದಾರೆ.

ಸಾಲಿನ ಪಕ್ಕ ಸರಿದು ಮೇಜಿನ ಮೇಲೆ ಕಣ್ಣಾಡಿಸಿ. ಒಂದೊಂದು ಫಾರಮ್ಮಿನ ಜೊತೆಗೂ ರೇಷನ್ ಕಾರ್ಡಿನ ಜೆರಾಕ್ಸು, ಮನೆಯ ಪ್ರತಿಯೊಬ್ಬರ ಆಧಾರ್ ಜೆರಾಕ್ಸು, ತಲಾ ಎರಡು ಫೋಟೋ. ಫೋಟೋಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಾರೆ. ಒಂದರಲ್ಲಿ ಮಗು ಅಳುತ್ತಿದೆ, ಅದರ ಗಲ್ಲ ಎತ್ತಿ ಹಿಡಿದ ತಾಯಿಯ ಎರಡು ಬೆರಳೂ ಫೋಟೋದೊಳಗೆ ಬಂದುಬಿಟ್ಟಿವೆ. ಇನ್ನೊಂದರಲ್ಲಿ ಒಬ್ಬ ಅಜ್ಜಿ, ಹಣೆಯ ಮೇಲೆ ಈಗಷ್ಟೇ ಬಳಿದ ವಿಭೂತಿ. ಸೆಕ್ರೆಟ್ರಿ ಪ್ರತಿ ಫೋಟೋದ ಬೆನ್ನಿಗೆ ಪೆನ್ನಿನಿಂದ ಹೆಸರು ಬರೆದು, ಸ್ಟೇಪ್ಲರ್ ಪಿನ್ನು ಮುಖಕ್ಕೆ ತಾಗದಂತೆ ಮೂಲೆಯಲ್ಲಿ ಹೊಡೆಯುತ್ತಿದ್ದಾರೆ. ಇದೆಲ್ಲ ಆದ ಮೇಲೆ ಸಂಜೆಯೊಳಗೆ ಕಂಪ್ಯೂಟರಿಗೆ ಹತ್ತಿಸಬೇಕು.

"ಅಕ್ಕ, ನಿಮ್ಮನೇಲಿ ಎಷ್ಟು ಜನ?"

"ಆರು ಕಣಣ್ಣ. ನಾವಿಬ್ರು, ಅತ್ತೆ, ಮಗ, ಸೊಸೆ, ಒಂದು ಕೂಸು."

"ಹಂಗಾದ್ರೆ ಏಳ್ನೂರು."

ಹಳ್ಳಿಯ ಕುಟುಂಬಕ್ಕೆ ನಾಲ್ಕು ಜನರವರೆಗೆ ವರ್ಷಕ್ಕೆ 500 ರೂಪಾಯಿ, ಅದರ ಮೇಲೆ ತಲೆಗೆ 100. ಪಟ್ಟಣದವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರು ಏನೂ ಕಟ್ಟಬೇಕಿಲ್ಲ, ಅವರ ಪಾಲನ್ನು ಸರ್ಕಾರವೇ ಭರಿಸುತ್ತದೆ. ಜಾತಿ ಪ್ರಮಾಣಪತ್ರ ಕೊಟ್ಟರೆ ಸಾಕು. ಇದಕ್ಕೆ ಪ್ರತಿಯಾಗಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯಲ್ಲಿ ನಗದಿಲ್ಲದ ಚಿಕಿತ್ಸೆ. ಸಾಲಿನಲ್ಲಿ ನಿಂತವರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಆ ಅಕ್ಕ ಸೆರಗಿನ ಗಂಟು ಬಿಚ್ಚುತ್ತಾರೆ. ಐನೂರರ ಒಂದು ನೋಟಿದೆ. ಇನ್ನೂರು ಕಡಿಮೆ.

"ಬಟವಾಡೇಲಿ ಹಿಡ್ಕೊಳಣ್ಣ."

ಸೆಕ್ರೆಟ್ರಿ ತಲೆಯಾಡಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹಾಲಿಗೆ ಲೀಟರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಐದು ರೂಪಾಯಿ. ಆ ಪ್ರೋತ್ಸಾಹಧನದಿಂದಲೇ ಈ ಏಳುನೂರು ಹುಟ್ಟಬೇಕಾದರೆ ನೂರನಲವತ್ತು ಲೀಟರು ಹಾಲು ಈ ಮೇಜನ್ನು ದಾಟಿ ಹೋಗಬೇಕು. ಎರಡು ಹಸುವಿನ ಮನೆಗೆ ಇದು ಚಿಲ್ಲರೆ ದುಡ್ಡಲ್ಲ. ಹಿಂಡಿ, ಬೂಸಾ ತಂದದ್ದು ಆಗಲೇ ಬಟವಾಡೆಯಲ್ಲಿ ಮುರಿದಿರುತ್ತದೆ, ಮಗುವಿನ ಸ್ಕೂಲು ವ್ಯಾನಿನ ಬಾಕಿ ಇರುತ್ತದೆ. ಆದರೂ ಜನ ನಿಂತಿದ್ದಾರೆ. ಈ ಊರಿನಲ್ಲಿ ಯಶಸ್ವಿನಿ ಅಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಾರ ಮನೆಯಲ್ಲಿ ಹೃದಯದ ಆಪರೇಷನ್ ಆಯಿತು, ಯಾರ ಗರ್ಭಕೋಶ ತೆಗೆದರು, ಯಾರ ಕಿಡ್ನಿ ಕಲ್ಲು ತೆಗೆದರು ಎಂಬುದೆಲ್ಲ ಸಾಲಿನಲ್ಲೇ ಮಾತಾಗುತ್ತದೆ. ಸಾಲ ಮಾಡದೆ ಆಪರೇಷನ್ ಮಾಡಿಸಿಕೊಂಡು ಬಂದವರ ಹೆಸರು ಇಲ್ಲಿ ಬಹಳ ವರ್ಷ ನೆನಪಿನಲ್ಲಿ ಉಳಿಯುತ್ತದೆ.

ಸೆಕ್ರೆಟ್ರಿಗೆ ಮೊದಲ ವರ್ಷದ ನೆನಪು ಚೆನ್ನಾಗಿದೆ. ಆಗ ಅವರು ಇದೇ ಡೈರಿಯಲ್ಲಿ ಟೆಸ್ಟರ್. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಯೋಜನೆಯಲ್ಲಿ ಚಿಕಿತ್ಸೆ ಶುರುವಾದದ್ದು 2003ರ ಜೂನ್ 1ರಿಂದ. ಇದರ ಹಿಂದಿದ್ದ ಹೃದ್ರೋಗ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿ ಅವರ ಲೆಕ್ಕ ಸರಳವಾಗಿತ್ತು. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ತಲಾ ಅರವತ್ತು. ಲಕ್ಷಾಂತರ ರೈತರು ಅಷ್ಟು ಕೊಟ್ಟು, ಸರ್ಕಾರವೂ ಸ್ವಲ್ಪ ಸೇರಿಸಿದರೆ, ಅವರಲ್ಲಿ ಆಪರೇಷನ್ ಬೇಕಾಗುವ ಕೆಲವರಿಗೆ ಆ ಹಣ ಸಾಕಾಗುತ್ತದೆ. ಹಣ ಎತ್ತಲು ಹೊಸ ಕಚೇರಿ ಕಟ್ಟಲಿಲ್ಲ. ದಿನಾ ಬೆಳಿಗ್ಗೆ ರೈತ ಬಂದು ನಿಲ್ಲುವ ಡೈರಿಯೂ ಸಾಲಕ್ಕೆ, ಗೊಬ್ಬರಕ್ಕೆ ಹೋಗುವ ಸೊಸೈಟಿಯೂ ಇದ್ದೇ ಇದ್ದವು. ನನ್ನ ಮಟ್ಟಿಗೆ ಈ ಯೋಜನೆಯ ದೊಡ್ಡ ಬುದ್ಧಿವಂತಿಕೆ ಇರುವುದೇ ಇಲ್ಲಿ: ಅದು ರೈತನನ್ನು ತಾಲ್ಲೂಕು ಕಚೇರಿಗೆ ಅಲೆಸಲಿಲ್ಲ, ಅವನು ಇದ್ದಲ್ಲಿಗೆ ಬಂತು.

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಮರುವರ್ಷ 20 ಲಕ್ಷದ ಗಡಿ ದಾಟಿತು. ಮೂರನೆಯ ವರ್ಷ ವಂತಿಗೆಯನ್ನು ಅರವತ್ತರಿಂದ ನೂರಿಪ್ಪತ್ತಕ್ಕೆ ಏರಿಸಿದಾಗ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ತಲೆಗೆ ಅರವತ್ತು ರೂಪಾಯಿ ಹೆಚ್ಚಾದದ್ದಕ್ಕೆ ಲಕ್ಷಗಟ್ಟಲೆ ಜನ ಬಿಟ್ಟುಹೋದರು. ಬಡವರ ಆರೋಗ್ಯ ವಿಮೆಯ ವಿಷಯ ಮಾತಾಡುವಾಗ ಈ ಅಂಕಿ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಆಮೇಲೆ 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ, ಎಲ್ಲವನ್ನೂ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಲಾಯಿತು. ಸಹಕಾರಿಗಳ ಒತ್ತಾಯ ನಿಲ್ಲಲಿಲ್ಲ. ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಯಶಸ್ವಿನಿಯನ್ನು ಮತ್ತೆ ತಂದಿತು. 2022ರ ನವೆಂಬರ್‌ನಲ್ಲಿ ನೋಂದಣಿ, 2023ರ ಜನವರಿಯಿಂದ ಚಿಕಿತ್ಸೆ ಶುರುವಾಯಿತು. ನಡುವಿನ ನಾಲ್ಕು ಚಿಲ್ಲರೆ ವರ್ಷಗಳಲ್ಲಿ ಜನರಿಗೆ ಈ ಸಾಲು ಮರೆತುಹೋಗಿತ್ತು. "ಮತ್ತೆ ಒಬ್ಬೊಬ್ಬರ ಮನೆಗೂ ಹೋಗಿ ಕರೀಬೇಕಾಯ್ತು" ಎನ್ನುತ್ತಾರೆ ಸೆಕ್ರೆಟ್ರಿ, ಸ್ಟೇಪ್ಲರಿಗೆ ಪಿನ್ನು ತುಂಬುತ್ತ.

ಸಾಲು ಅರ್ಧ ಗಂಟೆ ಸರಾಗವಾಗಿ ಸಾಗಿ ಒಂದು ಕಡೆ ತಡೆಯುತ್ತದೆ. ಮಧ್ಯವಯಸ್ಸಿನ ಒಬ್ಬ ಹೆಂಗಸು ಫಾರಂ ಮುಂದಿಟ್ಟಿದ್ದಾರೆ. ಹಾಲು ಹಾಕುವುದು ಇವರು, ಚೀಟಿಯಲ್ಲಿ ಬರುವ ನಂಬರು ಗಂಡನದು. ಗಂಡ ತೀರಿಕೊಂಡು ಎಂಟು ತಿಂಗಳಾಗಿದೆ.

"ಷೇರು ನಿಮ್ಮ ಹೆಸ್ರಿಗೆ ಮಾಡ್ಸಿ ಅಂತ ಅವತ್ತೇ ಹೇಳಿದ್ನಲ್ಲಕ್ಕ."

"ಡೆತ್ ಸರ್ಟಿಫಿಕೇಟ್‌ನಾಗೆ ಹೆಸ್ರು ತಪ್ಪು ಬಂದದೆ. ಅದನ್ನ ಸರಿ ಮಾಡ್ಸಕ್ಕೆ ಓಡಾಡ್ತಾವ್ನೆ ಮಗ."

ಸಂಘದ ಸದಸ್ಯನಿಗೆ, ಅವನ ಕುಟುಂಬಕ್ಕೆ ಮಾತ್ರ ಯಶಸ್ವಿನಿ. ಸದಸ್ಯನೇ ಇಲ್ಲವಾದರೆ ಕುಟುಂಬ ಯಾವ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ ಈಗ ಮೇಜಿನ ಮೇಲಿದೆ. ಸೆಕ್ರೆಟ್ರಿ ಫಾರಂ ತಿರುವಿ ಹಾಕಿ, ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ. ಆಡಳಿತ ಮಂಡಳಿ ಸಭೆ ಸೇರಬೇಕು, ಠರಾವಾಗಬೇಕು. ಸಭೆ ಮುಂದಿನ ವಾರ. ಕೊನೆ ದಿನ ಇವತ್ತು.

ಆ ಹೆಂಗಸು ಜಗಳ ತೆಗೆಯುವುದಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂರುತ್ತಾರೆ. ಮಾತಿಗೆಂದು ಹಸುವಿನ ವಿಚಾರ ಕೇಳಿ, ಅವರ ಮುಖ ಸ್ವಲ್ಪ ತಿಳಿಯಾಗುತ್ತದೆ. ಒಂದು ಕರೆಯುತ್ತಿದೆ, ಇನ್ನೊಂದು ಗಬ್ಬ. ಎರಡಕ್ಕೂ ಇನ್ಶೂರೆನ್ಸ್ ಇದೆ, ಕಿವಿಗೆ ಓಲೆ ಹಾಕಿಸಿದ್ದಾರೆ. ವರ್ಷ ತುಂಬಿದಾಗ ಡೈರಿಯವರೇ ನೆನಪು ಮಾಡಿ, ಬಟವಾಡೆಯಲ್ಲಿ ಮುರಿದು ಕಟ್ಟಿದರು. ಹಸುಗಳ ವಿಮೆ ಜಾರಿಯಲ್ಲಿದೆ. ಆ ಹಸುಗಳನ್ನು ಕರೆಯುವ ಕೈಗಳಿಗೆ ವಿಮೆ ಕಟ್ಟುವ ಅವಕಾಶ ಈ ಸಂಜೆಗೆ ಮುಗಿಯುತ್ತದೆ. ಸೆಕ್ರೆಟ್ರಿಯ ತಪ್ಪು ಇದರಲ್ಲಿ ಏನೂ ಇಲ್ಲ. ಕೊನೆ ದಿನವೊಂದನ್ನು ಗೊತ್ತು ಮಾಡಿ, ಅದಕ್ಕೆ ಸಾವು, ಬಾಣಂತನ, ಗುಳೆ, ಕೋರ್ಟು ಯಾವುದೂ ಗೊತ್ತಿಲ್ಲದಂತೆ ಬರೆದ ನಿಯಮದ ತಪ್ಪು ಇದು. ಗಂಡ ಸತ್ತ ವರ್ಷವೇ ಹೆಂಗಸಿಗೆ ವಿಮೆ ತಪ್ಪುವುದನ್ನು ಯಾವ ಸಹಕಾರ ತತ್ವವೂ ಒಪ್ಪುವುದಿಲ್ಲ.

ಈಗ ಊರಿನ ಇನ್ನೊಂದು ತುದಿಗೆ ನಡೆಯಿರಿ. ನ್ಯಾಯಬೆಲೆ ಅಂಗಡಿ. ಇಲ್ಲಿಯೂ ಸಾಲು, ಆದರೆ ಇಲ್ಲಿ ಯಾರೂ ತಾವು ಆರೋಗ್ಯ ವಿಮೆ ಉಳಿಸಿಕೊಳ್ಳಲು ಬಂದಿದ್ದೇವೆ ಎಂದುಕೊಂಡಿಲ್ಲ. ಅಕ್ಕಿಗೆ ಬಂದಿದ್ದಾರೆ, ಜೊತೆಗೆ "ಮನೇರೆಲ್ಲ ಬಂದು ತಂಬು ಕೊಟ್ಟು ಹೋಗಿ" ಎಂದು ಅಂಗಡಿಯವರು ಹೇಳಿದ್ದಕ್ಕೆ ಬಂದಿದ್ದಾರೆ. ಇ-ಕೆವೈಸಿ.

ಈ ಹೆಬ್ಬೆಟ್ಟಿಗೂ ಆಸ್ಪತ್ರೆಗೂ ಏನು ಸಂಬಂಧ? 2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ, ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇದಕ್ಕೆ ವಂತಿಗೆಯಿಲ್ಲ, ಕೊನೆ ದಿನವಿಲ್ಲ, ವರ್ಷವರ್ಷ ಫಾರಂ ತುಂಬಬೇಕಿಲ್ಲ. ಹಿಂದೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 30 ರೂಪಾಯಿ ಕೊಟ್ಟು ಸ್ಮಾರ್ಟ್ ಕಾರ್ಡ್ ಹೊಸದಾಗಿಸಿಕೊಳ್ಳಬೇಕಿತ್ತು. ಅದರ ಕಷ್ಟ ಕಂಡ ಮೇಲೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂಬ ದಾರಿ ಹಿಡಿದದ್ದು ಒಳ್ಳೆಯ ಕೆಲಸವೇ. ಆದರೆ ಇಲ್ಲಿಯೂ ನವೀಕರಣ ಇದೆ, ಕಣ್ಣಿಗೆ ಬೀಳದಂತೆ ರೇಷನ್ ಕಾರ್ಡಿನೊಳಗೆ ಕೂತಿದೆ. ಕಾರ್ಡಿನಲ್ಲಿ ಹೆಸರು ಉಳಿದರೆ ಆಸ್ಪತ್ರೆಯಲ್ಲಿ ಹೆಸರು ಉಳಿಯಿತು. ಕಾರ್ಡು ಬಿಪಿಎಲ್‌ನಿಂದ ಎಪಿಎಲ್ ಆದರೆ ಐದು ಲಕ್ಷ ಹೋಯಿತು.

ಸಾಲಿನ ತಲೆಯಲ್ಲಿ ಒಬ್ಬ ಅಜ್ಜಿ. ಹೆಬ್ಬೆಟ್ಟನ್ನು ಯಂತ್ರದ ಗಾಜಿನ ಮೇಲೆ ಒತ್ತುತ್ತಾರೆ. ಕೆಂಪು ದೀಪ. ಬಲಗೈ ತೋರುಬೆರಳು, ಕೆಂಪು. ಎಡಗೈ, ಕೆಂಪು. ಅಂಗಡಿಯ ಹುಡುಗ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳುತ್ತಾನೆ. ಆ ಬೆರಳನ್ನು ಹತ್ತಿರದಿಂದ ನೋಡಿ. ಕಳೆ ಕಿತ್ತು, ಕುಡುಗೋಲು ಹಿಡಿದು, ಪಾತ್ರೆ ಬೂದಿಯಲ್ಲಿ ತಿಕ್ಕಿ, ತುದಿಯ ಗೆರೆಗಳು ಸವೆದು ನುಣ್ಣಗಾಗಿವೆ. ಅಡ್ಡಡ್ಡ ಸೀಳಿದ ಬಿರುಕುಗಳಲ್ಲಿ ಮಣ್ಣಿನ ಬಣ್ಣ ಕೂತುಬಿಟ್ಟಿದೆ. ಜೀವಮಾನವಿಡೀ ದುಡಿದದ್ದಕ್ಕೆ ಸಾಕ್ಷಿಯಾದ ಆ ಬೆರಳನ್ನೇ ಯಂತ್ರ ಗುರುತು ಹಿಡಿಯುತ್ತಿಲ್ಲ.

"ಸಂಜೆ ಬಾ ಅಜ್ಜಿ, ಸರ್ವರ್ ಬೇರೆ ಸ್ಲೋ ಅದೆ."

"ಸಂಜೆ ಬಂದ್ರೆ ಬೆರಳು ಬ್ಯಾರೆ ಆಯ್ತದಾ ಮಗ?"

ಹುಡುಗನಿಗೆ ಉತ್ತರ ಗೊತ್ತಿಲ್ಲ. ಅವನು ಒಳ್ಳೆಯವನೇ, ಒಂದು ಚೀಟಿಯಲ್ಲಿ ಅಜ್ಜಿಯ ಹೆಸರು ಬರೆದಿಟ್ಟುಕೊಳ್ಳುತ್ತಾನೆ.

ಅಜ್ಜಿಯ ಹಿಂದೆ ಡೈರಿಯಲ್ಲಿ ಕಂಡ ಆರು ಜನರ ಮನೆಯ ಅಕ್ಕ ಬಂದು ನಿಂತಿದ್ದಾರೆ. ಸೊಸೆಯ ಹೆಸರು ಇನ್ನೂ ತೌರುಮನೆಯ ಕಾರ್ಡಿನಲ್ಲೇ ಇದೆ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸುವಂತಿಲ್ಲ. ತಿದ್ದುಪಡಿಗೆ ಅವಕಾಶ ಕೊಟ್ಟಾಗ ಸೇವಾ ಕೇಂದ್ರಗಳ ಮುಂದೆ ಜನ ಮುಗಿಬೀಳುತ್ತಾರೆ, ಅರ್ಧಕ್ಕೆ ಸರ್ವರ್ ಕೈಕೊಡುತ್ತದೆ, ಮತ್ತೆ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಾರೆ. ಮದುವೆಯಾಗಿ ಬಂದ ಹೆಣ್ಣಿಗೆ ಆಸ್ಪತ್ರೆ ಬೇಕಾಗುವುದು ಸಾಮಾನ್ಯವಾಗಿ ಆ ಒಂದೆರಡು ವರ್ಷದಲ್ಲೇ. ಅದೇ ಹೊತ್ತಿನಲ್ಲಿ ಅವಳ ಹೆಸರು ಎರಡು ಕಾರ್ಡುಗಳ ನಡುವೆ ತೂಗಾಡುತ್ತಿರುತ್ತದೆ.

ಇನ್ನು ಈ ಕಾರ್ಡುಗಳು ಕೆಲಸಕ್ಕೆ ಬರಬೇಕಾದ ಜಾಗಕ್ಕೆ ಬನ್ನಿ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ನೆಲಮಹಡಿ, ಬೆಳಗಿನ ಹನ್ನೊಂದು. ಬಿಲ್ಲಿಂಗ್ ಕೌಂಟರಿನ ಆಚೆ, ಮೆಟ್ಟಿಲ ಕೆಳಗೆ, ಈ ಯೋಜನೆಗಳ ರೋಗಿಗಳಿಗೆ ದಾರಿ ತೋರುವ ಆರೋಗ್ಯಮಿತ್ರರ ಮೇಜು. ಈ ಹೆಸರನ್ನು ಇಟ್ಟವರು ಯಾರೋ, ಕೆಲಸ ಮಾಡುವ ಹುಡುಗಿ ಅದಕ್ಕೆ ತಕ್ಕ ಹಾಗಿದ್ದಾಳೆ. ಒಂದು ಕಿವಿಯಲ್ಲಿ ಫೋನು, ಎದುರಿಗೆ ಕಂಪ್ಯೂಟರು, ಮೇಜಿನ ಅಂಚು ಹಿಡಿದ ಹತ್ತು ಕೈಗಳು. ಅಪ್ರೂವಲ್ ಬಂತಾ ಮೇಡಂ, ರೆಫರಲ್ ಲೆಟರ್ ಎಲ್ಲಿ ತರಬೇಕು ಮೇಡಂ. ಖಾಸಗಿ ಆಸ್ಪತ್ರೆಗೆ ಬರಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಬರಬೇಕು, ತುರ್ತು ಇದ್ದರೆ ಮಾತ್ರ ನೇರ. ಇದನ್ನು ಅವಳು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಾಳೆ, ದನಿ ಏರಿಸದೆ.

ಈಗ ಮೇಜಿನ ಮುಂದೆ ನಿಂತಿರುವವರು ಐವತ್ತರ ಆಸುಪಾಸಿನ ಒಬ್ಬ ಗಾರೆ ಕೆಲಸದವರು. ಹೆಂಡತಿ ಮೇಲಿನ ವಾರ್ಡಿನಲ್ಲಿದ್ದಾರೆ. ಆಯುಷ್ಮಾನ್ ಕಾರ್ಡು ಇದೆ, ಲ್ಯಾಮಿನೇಷನ್ ಮಾಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹುಡುಗಿ ನಂಬರು ಹೊಡೆಯುತ್ತಾಳೆ, ಪರದೆಯನ್ನು ನೋಡುತ್ತಾಳೆ, ಇನ್ನೊಮ್ಮೆ ಹೊಡೆಯುತ್ತಾಳೆ.

"ಅಪ್ಪಾಜಿ, ನಿಮ್ಮ ರೇಷನ್ ಕಾರ್ಡು ಎಪಿಎಲ್ ತೋರಿಸ್ತಾ ಇದೆ."

"ಇಲ್ಲ ಕಣವ್ವ, ನಮ್ದು ಬಿಪಿಎಲ್ಲೇ. ಹೋದ ವರ್ಷದ ಗಂಟ ಅಕ್ಕಿ ತಂದಿದೀವಿ."

ವಿಚಾರಿಸಿದಾಗ ಒಂದೊಂದೇ ಹೊರಗೆ ಬರುತ್ತದೆ. ಮಗ ಗೂಡ್ಸ್ ಆಟೋ ತೆಗೆದುಕೊಳ್ಳಲು ಸಾಲಕ್ಕೆ ಹೋಗಿದ್ದ. ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ಸ್ ಕೇಳಿದರು. ಯಾರೋ ಏಜೆಂಟರು ಮಾಡಿಕೊಟ್ಟರು. ಕಟ್ಟಿದ ತೆರಿಗೆ ಸೊನ್ನೆ. ಆದರೆ ಹೆಸರು ತೆರಿಗೆಯವರ ಪಟ್ಟಿ ಸೇರಿತು, ಬಿಪಿಎಲ್ ಪಟ್ಟಿಯಿಂದ ಜಾರಿತು. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡು ರದ್ದಾದ ಗಲಾಟೆ ನಿಮಗೆ ನೆನಪಿರಬಹುದು. ವಾರ್ಷಿಕ ಆದಾಯ 1.2 ಲಕ್ಷ ಮೀರಿದವರನ್ನು ಸೋಸುವ ಕೆಲಸದಲ್ಲಿ ಬಡವರೂ ಸಿಕ್ಕಿಹಾಕಿಕೊಂಡರು. ಕೂಗೆದ್ದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲು ಹೇಳಿದರು. ಆಗ ಮಾತೆಲ್ಲ ನಡೆದದ್ದು ಅಕ್ಕಿಯ ಸುತ್ತ. ಕಾರ್ಡಿನ ಬೆನ್ನಿಗೆ ಐದು ಲಕ್ಷದ ಆಸ್ಪತ್ರೆ ಖರ್ಚೂ ಅಂಟಿಕೊಂಡಿದೆ ಎಂಬುದು ಈ ಮೇಜಿನ ಮುಂದೆ ಬಂದು ನಿಂತವರಿಗಷ್ಟೇ ಗೊತ್ತಾಯಿತು.

ಗಾರೆಯವರು ಎಪ್ಪತ್ತು ಭಾಗ ತಮ್ಮದು ಎಂಬುದನ್ನು ಕೇಳಿಸಿಕೊಂಡು ಸುಮ್ಮನೆ ನಿಲ್ಲುತ್ತಾರೆ. "ಯಶಸ್ವಿನಿ ಏನಾದ್ರೂ ಮಾಡ್ಸಿದೀರಾ?" ಎಂದು ಹುಡುಗಿ ಕೇಳುತ್ತಾಳೆ, ದಾರಿ ಹುಡುಕುವ ಆಸೆಯಿಂದ. ಸೊಸೈಟಿಯ ಮೆಂಬರ್ರೇ ಅಲ್ಲ. ಅವಳು ಇನ್ನೊಂದು ನಂಬರು ಬರೆದು ಕೊಟ್ಟು, ತಾಲ್ಲೂಕಿನ ಆಹಾರ ಶಾಖೆಗೆ ಯಾವ ಕಾಗದ ಕೊಡಬೇಕೆಂದು ಬಿಡಿಸಿ ಹೇಳುತ್ತಾಳೆ. ಅವರು ಫೋನು ತೆಗೆದು, ಮಗನಿಗಲ್ಲ, ಮೇಸ್ತ್ರಿಗೆ ಮಾಡುತ್ತಾರೆ. ಮುಂಗಡ ಕೇಳಲು.

ಇಷ್ಟನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಒಂದು ಮಾತು ಖಚಿತವಾಗುತ್ತದೆ. ಕರ್ನಾಟಕದಲ್ಲಿ ಬಡವರ ಚಿಕಿತ್ಸೆಗೆ ದುಡ್ಡಿಲ್ಲ ಎನ್ನುವಂತಿಲ್ಲ. ಯೋಜನೆಗಳಿವೆ, ಐದು ಲಕ್ಷವೂ ಇದೆ, ಆರೋಗ್ಯಮಿತ್ರರೂ ಇದ್ದಾರೆ. ಜನ ಉದುರಿಹೋಗುತ್ತಿರುವುದು ಕಾಗದದಲ್ಲಿ: ಸತ್ತ ಗಂಡನ ಷೇರಿನಲ್ಲಿ, ಸವೆದ ಬೆರಳಿನಲ್ಲಿ, ತೌರಿನ ಕಾರ್ಡಿನಲ್ಲಿ, ಸೊನ್ನೆ ತೆರಿಗೆಯ ರಿಟರ್ನ್ಸಿನಲ್ಲಿ. ಉದುರಿದ್ದು ತಿಳಿಯುವುದು ಕಾಯಿಲೆ ಬಂದ ದಿನ. ಆರೋಗ್ಯವಾಗಿದ್ದಾಗ ಯಾರೂ ಬಂದು ಹೇಳುವುದಿಲ್ಲ.

ಸರ್ಕಾರ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಹಸುವಿನ ವಿಮೆಯನ್ನು ಬಟವಾಡೆಯಲ್ಲಿ ಮುರಿದು ಕಟ್ಟುವ ಡೈರಿ, ಒಮ್ಮೆ ಒಪ್ಪಿಗೆ ಬರೆಸಿಕೊಂಡು ಯಶಸ್ವಿನಿಯನ್ನೂ ವರ್ಷವರ್ಷ ಹಾಗೆಯೇ ಕಟ್ಟಬಹುದು. ಬೇಡವೆಂದವರು ಮಾತ್ರ ಬಂದು ಹೇಳಲಿ. ಸದಸ್ಯ ತೀರಿಕೊಂಡರೆ ಷೇರು ವರ್ಗಾವಣೆಯಾಗುವವರೆಗೆ ಕುಟುಂಬದ ವಿಮೆ ನಿಲ್ಲಬಾರದು. ಒಬ್ಬರ ಕಾರ್ಡನ್ನು ಎಪಿಎಲ್ ಮಾಡುವ ಮುಂಚೆ ಮನೆಗೆ ನೋಟಿಸು ಹೋಗಬೇಕು, ಆಕ್ಷೇಪಣೆ ಇತ್ಯರ್ಥವಾಗುವ ತನಕ ಆಸ್ಪತ್ರೆಯಲ್ಲಿ ಹಳೆಯ ಕಾರ್ಡೇ ನಡೆಯಬೇಕು. ಬೆರಳು ಸವೆದವರ ಮನೆಗೆ ಅಂಗಡಿಯವರೋ ಗ್ರಾಮ ಆಡಳಿತ ಅಧಿಕಾರಿಯೋ ಹೋಗಿ ಇಂಥವರು ಬದುಕಿದ್ದಾರೆ, ಇಲ್ಲೇ ಇದ್ದಾರೆ ಎಂದು ಸಹಿ ಹಾಕಿದರೆ ಸಾಕಾಗಬೇಕು. ಹೆಸರು ಉಳಿಸಿಕೊಳ್ಳುವ ಹೊಣೆ ರೋಗಿಯದಲ್ಲ, ಪಟ್ಟಿ ಇಟ್ಟುಕೊಂಡವರದು.

ಅದು ಆಗುವವರೆಗೆ ಓದುಗರಲ್ಲಿ ನನ್ನದೊಂದು ಕೋರಿಕೆ. ಊರಿನಲ್ಲಿರುವ ನಿಮ್ಮ ಅಪ್ಪ ಅಮ್ಮನಿಗೆ, ಮನೆಗೆಲಸಕ್ಕೆ ಬರುವ ಅಕ್ಕನಿಗೆ, ಅಪಾರ್ಟ್‌ಮೆಂಟಿನ ಕಾವಲಿನವರಿಗೆ ಈ ವಾರ ಮೂರು ವಿಷಯ ಕೇಳಿ. ರೇಷನ್ ಕಾರ್ಡು ಈಗಲೂ ಬಿಪಿಎಲ್ಲೇ ಇದೆಯಾ? ಮನೆಯ ಎಲ್ಲರ ಹೆಸರು ಅದರಲ್ಲಿದ್ದು ಇ-ಕೆವೈಸಿ ಆಗಿದೆಯಾ? ಸೊಸೈಟಿಯ ಸದಸ್ಯರಾಗಿದ್ದರೆ ಈ ವರ್ಷದ ಯಶಸ್ವಿನಿ ಕಟ್ಟಿ ರಸೀದಿ ತಂದಿದ್ದಾರಾ? ಆಯುಷ್ಮಾನ್ ಕಾರ್ಡಿನ ಬಗ್ಗೆ ಅನುಮಾನ ಬಂದರೆ 14555ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಅವರ ಕೈಯಲ್ಲಿ ಆಗದಿದ್ದರೆ ನೀವೇ ಮಾಡಿಕೊಡಿ. ತಿದ್ದುಪಡಿಗೆ ಅವರ ಜೊತೆ ಅರ್ಧ ದಿನ ಹೋಗಿ ಕೂರಬೇಕಾದರೆ ಹೋಗಿ ಕೂರಿ.